ಪರ-ವಿರೋಧ: ಟಿಪ್ಪು ಸುಲ್ತಾನ್ ತಾನೇ ವ್ಯಾಪಾರಕ್ಕೆ ಇಳಿದಿದ್ದು ಸರಿಯೇ?

ಪರ

ಸರಿ, ನೂರಕ್ಕೆ ನೂರು ಸರಿ. ಈಸ್ಟ್ ಇಂಡಿಯಾ ಕಂಪನಿ ಮಲಬಾರಿನ ಮೆಣಸಿಗೆ ಬಾಯಿ ಬಿಟ್ಟುಕೊಂಡು ಕೂತಿತ್ತು. ಅದರಲ್ಲಿ ಹುಟ್ಟಿದ ಲಾಭ ಫಿರಂಗಿಯಾಗಿ ಮೈಸೂರಿನ ಮೇಲೇ ತಿರುಗುತ್ತಿತ್ತು. ಟಿಪ್ಪುಗೆ ಇದು ಗೊತ್ತಿತ್ತು. ಅದಕ್ಕೇ ಮೆಣಸು, ಏಲಕ್ಕಿ, ಶ್ರೀಗಂಧ ಮೂರನ್ನೂ ಸರ್ಕಾರದ ಕೈಗೆ ತೆಗೆದುಕೊಂಡ. ಅರಬ್ ನಾಡಿನ ಮಸ್ಕತ್‌ನಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ ತೆರೆದು ನೇರವಾಗಿ ಮಾರಿಸಿದ.

ಕಂಪನಿಯ ಕಡೆಯವರ ಎದುರು ಯುದ್ಧ ಸೋತು ಮಾಡಿಕೊಂಡ 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು. ಮಲಬಾರೂ ಹೋಯಿತು. ಮೇಲೆ 3 ಕೋಟಿ 30 ಲಕ್ಷ ರೂಪಾಯಿ ದಂಡ. ಆದರೂ ಕೈಕಟ್ಟಿ ಕೂರಲಿಲ್ಲ. ಒಂದೆರಡು ವರ್ಷದಲ್ಲೇ ವ್ಯಾಪಾರದ ಕಟ್ಟಳೆಗಳನ್ನು ಬರೆಸಿದ. ಪ್ರಜೆಗಳೂ ಸರ್ಕಾರದ ವ್ಯಾಪಾರಕ್ಕೆ ದುಡ್ಡು ಹಾಕಬಹುದಿತ್ತು. 5ರಿಂದ 500 ರೂಪಾಯಿ ಹಾಕಿದವನಿಗೆ ಶೇ 50 ಲಾಭ. 5000ದವರೆಗೆ ಶೇ 25. ಅದಕ್ಕಿಂತ ಜಾಸ್ತಿ ಹಾಕುವ ಸಾಹುಕಾರನಿಗೆ ಬರೀ ಶೇ 12. ಬಡವನಿಗೆ ಜಾಸ್ತಿ ಕೊಡುವ ಬ್ಯಾಂಕು ಈಗ ಎಲ್ಲಿದೆ, ತೋರಿಸಿ ನೋಡೋಣ!

ಬೆಳೆದವನಿಗೆ ಏನು ಸಿಕ್ಕಿತು ಅಂತ ಎದುರಿನವರು ಕೇಳುತ್ತಾರೆ. ಕಂಪನಿ ಏನು ಧರ್ಮಕ್ಕೆ ಕೊಡುತ್ತಿತ್ತಾ? ರೇಷ್ಮೆಯನ್ನೂ ನೋಡಿ. ಬಂಗಾಳದಿಂದ ಹುಳ ತರಿಸಿ ಸಾಕಿಸಿದವನು ಅವನೇ. ಮೈಸೂರು ಸೀಮೆ ಇವತ್ತಿಗೂ ಅದರ ಮೇಲೆ ಬದುಕುತ್ತಿಲ್ವಾ?

ವಿರೋಧ

ನನ್ನ ಪಾಲಿಗೆ ವಿರೋಧ ಬಂದಿದೆ, ಬರೆಯುತ್ತೇನೆ. ಕಂಪನಿಯನ್ನು ತಡೆಯಬೇಕಿತ್ತು ಅನ್ನುವುದಕ್ಕೆ ನನ್ನದೂ ತಕರಾರಿಲ್ಲ. ರೇಷ್ಮೆ ವಿಷಯ ಬಿಡಿ, ಅದು ಚರ್ಚೆಯಲ್ಲೇ ಇಲ್ಲ. ಆದರೆ ಕೊಳ್ಳುವುದೂ ಸರ್ಕಾರ, ಬೆಲೆ ಕಟ್ಟುವುದೂ ಸರ್ಕಾರ ಆದರೆ ಬೆಳೆದವನು ಯಾರ ಹತ್ತಿರ ಚೌಕಾಸಿ ಮಾಡಬೇಕು? ಶೇ 50 ಅಂತ ಕಟ್ಟಳೆಯಲ್ಲಿ ಬರೆದ ಮಾತ್ರಕ್ಕೆ ಎಲ್ಲರ ಜೇಬು ತುಂಬುವುದಿಲ್ಲ.

ನನಗೆ ಗೊತ್ತಿರುವುದು ಗಂಧದ ಕಥೆ. 1792ರಲ್ಲಿ ಗಂಧ ರಾಜವೃಕ್ಷವಾಯಿತು, ಅಂದರೆ ಎಲ್ಲಿ ಬೆಳೆದರೂ ಮರ ದೊರೆಯದ್ದೇ. ಟಿಪ್ಪು ಹೋದ, ಒಡೆಯರು ಬಂದರು, ಸ್ವಾತಂತ್ರ್ಯವೂ ಬಂತು. ಮರ ಮಾತ್ರ ಸರ್ಕಾರದ್ದೇ ಆಗಿ ಉಳಿಯಿತು. ನಮ್ಮಜ್ಜನ ಹೊಲದ ಬೇಲಿಯಲ್ಲಿ ಹಕ್ಕಿ ಬೀಳಿಸಿದ ಬೀಜದಿಂದ ಎದ್ದ ಗಂಧದ ಮರವೊಂದಿತ್ತು. ರಾತ್ರೋರಾತ್ರಿ ಯಾರೋ ಕೊಯ್ದುಕೊಂಡು ಹೋದರು. ಬುಡದಲ್ಲಿ ಗರಗಸದ ಪುಡಿ ಬಿಟ್ಟರೆ ಏನೂ ಇರಲಿಲ್ಲ. ಮಹಜರು ಮಾಡಲು ಬಂದವರು ಅಜ್ಜನನ್ನೇ ಕಳ್ಳನ ಹಾಗೆ ನೋಡಿದರು. ಹೇಳಿಕೆ ಕೊಡಲು ತಿಂಗಳುಗಟ್ಟಲೆ ಅಲೆಸಿದರು. ಆಮೇಲೆ ಗಂಧದ ಸಸಿ ಕಣ್ಣಿಗೆ ಬಿದ್ದರೆ ಅಜ್ಜಿ ಕುಡುಗೋಲು ತೆಗೆದುಕೊಂಡು ಸವರಿ ಹಾಕುತ್ತಿದ್ದಳು. ಊರಲ್ಲಿ ಎಲ್ಲರೂ ಹಾಗೇ. ಗಂಧದ ಗುಡಿ ಅಂತ ಹಾಡಿ ಹೊಗಳುವ ನಾಡಿನಲ್ಲಿ!

ಕರ್ನಾಟಕದ ಅರಣ್ಯ ಕಾಯ್ದೆಗೆ 2001ರ ತಿದ್ದುಪಡಿ ಬಂದ ಮೇಲೆ ಜಮೀನು ಯಾರದೋ ಮರವೂ ಅವರದೇ ಅಂತಾಯಿತು. ಈಗ ನಮ್ಮಣ್ಣ ಅಡಿಕೆ ಬಿಟ್ಟು ಗಂಧ ಹಾಕಿದ್ದಾನೆ. ಕಳ್ಳರ ಭಯಕ್ಕೆ ಎರಡು ನಾಯಿ, ಒಂದು ಸಿಸಿಟಿವಿ.