ಮೂರು ಗಂಟೆಯಲ್ಲಿ ಮೂವತ್ತಾರು ಹೋಲ್

ಅಮೆರಿಕದ ಕಾಲೇಜು ಕ್ರೀಡೆಯ ಯಜಮಾನಿಕೆ ಎನ್‌ಸಿಎಎ ಎಂಬ ಸಂಸ್ಥೆಯದು. ಆಟ ಓದನ್ನು ನುಂಗಬಾರದು ಎಂಬ ಕಾಳಜಿಯಿಂದ ಅದೊಂದು ನಿಯಮ ಮಾಡಿದೆ: ಸೀಸನ್‌ನಲ್ಲಿ ವಿದ್ಯಾರ್ಥಿಯ ಆಟ ದಿನಕ್ಕೆ 4 ಗಂಟೆ, ವಾರಕ್ಕೆ 20 ಗಂಟೆ ದಾಟಬಾರದು. ವಾರಕ್ಕೊಂದು ದಿನ ಕಡ್ಡಾಯ ರಜೆ. ಕಣ್ಣಿಗೊತ್ತಿಕೊಳ್ಳುವಂಥ ನಿಯಮ. ಆದರೆ ಗಾಲ್ಫ್‌ನಲ್ಲಿ ಒಂದು ಸುತ್ತು, ಅಂದರೆ ಒಂದೊಂದು ಗುಳಿಗೂ ಚೆಂಡು ಸೇರಿಸುತ್ತ 18 ಹೋಲ್ ಮುಗಿಸುವುದಕ್ಕೇ ಐದು ಗಂಟೆ ಬೇಕು. ಆಟವನ್ನು ಮೊಟಕು ಮಾಡುವ ಹಾಗಿಲ್ಲ, ನಿಯಮವನ್ನು ಬಿಡುವ ಹಾಗಿಲ್ಲ. ಪಂಡಿತರು ಕೂತು ಯೋಚಿಸಿ ಗಂಟೆಯನ್ನೇ ಮೊಟಕು ಮಾಡಿದರು. ಸ್ಪರ್ಧೆಯ ದಿನ ಎಷ್ಟೇ ಹೊತ್ತು ಆಡಿಸಿ, ಲೆಕ್ಕಕ್ಕೆ 3 ಗಂಟೆ ಮಾತ್ರ. ಹಿಂದಿನ ದಿನ ಅದೇ ಅಂಗಳದಲ್ಲಿ ಆಡುವ ಅಭ್ಯಾಸದ ಸುತ್ತಿಗೂ ಅಷ್ಟೇ.

ಈ 3 ಗಂಟೆಯ ಒಳಗೆ ಏನೇನು ಹಿಡಿಸುತ್ತದೆ ನೋಡಿ. ಪುರುಷರ ಟೂರ್ನಿಯಲ್ಲಿ ಮೊದಲ ದಿನ 36 ಹೋಲ್, ಮರುದಿನ 18 ಆಡಿಸುವುದು ಹಳೆಯ ಪದ್ಧತಿ. 15 ತಂಡ, ತಂಡಕ್ಕೆ ಐವರು, ಒಟ್ಟು 75 ಮಂದಿ. ಮೂವರಂತೆ 25 ಗುಂಪು. ‘ಶಾಟ್‌ಗನ್ ಸ್ಟಾರ್ಟ್’ ಎಂದು ಎಲ್ಲರನ್ನೂ ಒಂದೇ ಗಳಿಗೆಗೆ ಬೇರೆಬೇರೆ ಹೋಲ್‌ಗಳಿಂದ ಬಿಡುತ್ತಾರೆ. ಇರುವುದು 18 ಹೋಲ್, ಹಾಗಾಗಿ 7 ಕಡೆ ಎರಡೆರಡು ಗುಂಪು ಸಾಲು ನಿಲ್ಲಬೇಕು. ಎಲ್ಲೋ ಒಬ್ಬನ ಚೆಂಡು ಪೊದೆಗೆ ಬಿತ್ತೆಂದರೆ ಹುಡುಕಲು 3 ನಿಮಿಷ. ಹಿಂದಿನ ಗುಂಪಿಗೆ ದಾಟಿ ಹೋಗೋಣವೆಂದರೆ ಮುಂದಿನ ಹೋಲ್ ಖಾಲಿಯಿಲ್ಲ. ಕಟ್ಟಿದ ಮೋರಿಯ ನೀರಿನ ಹಾಗೆ ಇಡೀ ಅಂಗಳ ನಿಂತುಬಿಡುತ್ತದೆ. ಬ್ಯಾಗ್ ಹೊರುವ ಆಳು, ಅಂದರೆ ಕ್ಯಾಡಿ, ಇಲ್ಲ. 14 ಕ್ಲಬ್, ಮಳೆಯಂಗಿ, ಕೊಡೆ ಇರುವ ಬ್ಯಾಗನ್ನು ತಾವೇ ಹೊತ್ತೋ ತಳ್ಳಿಕೊಂಡೋ ಹದಿನೈದು ಕಿಲೋಮೀಟರಿಗೂ ಮಿಕ್ಕಿ ನಡೆಯಬೇಕು. ಬೆಳಿಗ್ಗೆ ಬಂದವರು ಬಿಡುವಾಗುವುದು ಸಂಜೆಗೆ. ಪುಸ್ತಕದಲ್ಲಿ: 3 ಗಂಟೆ.

ಮಹಿಳಾ ಟೂರ್ನಿಗಳಲ್ಲಿ ದಿನಕ್ಕೆ 18ರಂತೆ ಮೂರು ದಿನ ಆಡಿಸುವುದೇ ಹೆಚ್ಚು. ಮೈಗೆ ಹಿತ, ಆದರೆ ಇಲ್ಲಿದೆ ತಮಾಷೆ. ಮೂರು ದಿನ ಅಂದರೆ ಮೂರು ಮೂರಲೆ 9 ಗಂಟೆ ಖರ್ಚಾಯಿತು. ಅದೇ 54 ಹೋಲನ್ನು ಎರಡೇ ದಿನದಲ್ಲಿ ಅರೆದು ಮುಗಿಸಿದರೆ 6 ಗಂಟೆ. ಹೆಚ್ಚು ದಣಿಸಿದ ಕೋಚ್‌ಗೆ ಲೆಕ್ಕದಲ್ಲಿ 3 ಗಂಟೆ ಲಾಭ! ಆತ ಪ್ರಾಮಾಣಿಕ, ಉಳಿದದ್ದನ್ನು ಗುರುವಾರ, ಶುಕ್ರವಾರದ ಅಭ್ಯಾಸಕ್ಕೆ ಜಮಾ ಮಾಡಿಕೊಳ್ಳುತ್ತಾನೆ. (36 ಹೋಲ್ ಪದ್ಧತಿಯಲ್ಲಿ ತಪ್ಪುವ ತರಗತಿ ಒಂದು ದಿನ ಕಡಿಮೆ ಎಂಬುದು ನಿಜ. ಎರಡನೆಯ ಸುತ್ತಿನ ಹದಿನೈದನೇ ಹೋಲಿನಲ್ಲಿ ನಿಂತವನಿಗೆ ಇದನ್ನು ವಿವರಿಸಬೇಡಿ.) ಪ್ರಯಾಣವಂತೂ ಈ ಲೆಕ್ಕಕ್ಕೇ ಬರುವುದಿಲ್ಲ. ‘ಸ್ವಯಂಪ್ರೇರಿತ’ ಅಭ್ಯಾಸವೂ ಬರುವುದಿಲ್ಲ. ಕೋಚ್ ಹಾಜರಿ ಹಾಕಬಾರದು, ಬಾರದವರನ್ನು ಶಿಕ್ಷಿಸಬಾರದು, ಅಷ್ಟೆ. ತಂಡದ ಒಂಬತ್ತು ಜನರಲ್ಲಿ ಐವರನ್ನಷ್ಟೇ ಟೂರ್ನಿಗೆ ಕರೆದೊಯ್ಯುವವನೂ ಅದೇ ಕೋಚ್ ಆದ್ದರಿಂದ ಪ್ರೇರಣೆಗೆ ಬರವಿಲ್ಲ.

ಆಟದ ಮುಂದೆ ಓದಿನ ಗತಿ ಏನೆಂದು ನೋಡಲು ಓಹಿಯೋ ಸ್ಟೇಟ್‌ನಂಥ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯವನ್ನೇ ತೆಗೆದುಕೊಳ್ಳಿ. ಸ್ಕಾರ್ಲೆಟ್, ಗ್ರೇ ಎಂದು ಅದಕ್ಕೆ ಎರಡು ಸ್ವಂತ ಗಾಲ್ಫ್ ಅಂಗಳಗಳಿವೆ. 1961ರಲ್ಲಿ ಎನ್‌ಸಿಎಎ ವೈಯಕ್ತಿಕ ಪ್ರಶಸ್ತಿ ಗೆದ್ದು ಮುಂದೆ ಗಾಲ್ಫ್‌ನ ದಂತಕಥೆಯಾದ ಜಾಕ್ ನಿಕ್ಲಾಸ್ ಅಲ್ಲಿಯ ವಿದ್ಯಾರ್ಥಿ. ಪದವಿ ಮುಗಿಸಲಿಲ್ಲ, 1972ರಲ್ಲಿ ವಿಶ್ವವಿದ್ಯಾಲಯವೇ ಗೌರವ ಡಾಕ್ಟರೇಟ್ ಕೊಟ್ಟು ಬಾಕಿ ಚುಕ್ತಾ ಮಾಡಿತು.

ಸ್ಕಾಲರ್‌ಷಿಪ್‌ನ ಗಣಿತ ಇನ್ನೂ ಸೊಗಸು. 2025ರವರೆಗೆ ಕಾಲೇಜು ಕ್ರೀಡೆಯ ಮೇಲಿನ ದರ್ಜೆಯಾದ ಡಿವಿಷನ್ 1ರಲ್ಲಿ ಪುರುಷರ ಗಾಲ್ಫ್ ತಂಡಕ್ಕೆ ಮಿತಿ ನಾಲ್ಕೂವರೆ ಪೂರ್ತಿ ಸ್ಕಾಲರ್‌ಷಿಪ್, ಮಹಿಳೆಯರದಕ್ಕೆ ಆರು. ಮಹಿಳೆಯರ ಮೇಲಿನ ಈ ಉದಾರತೆಯ ಮೂಲ ಅಮೆರಿಕನ್ ಫುಟ್‌ಬಾಲ್. ಅಲ್ಲಿ 85 ಹುಡುಗರಿಗೆ ಪೂರ್ತಿ ಸ್ಕಾಲರ್‌ಷಿಪ್ ಕೊಟ್ಟಮೇಲೆ 1972ರ ‘ಟೈಟಲ್ ನೈನ್’ ಎಂಬ ಸ್ತ್ರೀ-ಪುರುಷ ಸಮಾನತೆ ಕಾನೂನಿಗೆ ಎಲ್ಲಿಯಾದರೂ ಲೆಕ್ಕ ಹೊಂದಿಸಬೇಕಲ್ಲ! ಪುರುಷರ ತಂಡದಲ್ಲಿ ಕೋಚ್ ಆ ನಾಲ್ಕೂವರೆಯನ್ನು ಒಬ್ಬನಿಗೆ ಅರ್ಧ, ಇನ್ನೊಬ್ಬನಿಗೆ ಕಾಲು, ಮತ್ತೊಬ್ಬನಿಗೆ ಪುಸ್ತಕದ ಖರ್ಚು ಎಂದು ಹರಿದು ಹಂಚುತ್ತಿದ್ದ.

ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ದಾವೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ‘ಹೌಸ್’ ರಾಜಿಯ ನಂತರ ಈ ಮಿತಿ ಹೋಯಿತು. ರಾಜಿಗೆ ಸೇರಿದ ವಿಶ್ವವಿದ್ಯಾಲಯಗಳು ತಂಡದ ಒಂಬತ್ತು ಮಂದಿಗೂ ಪೂರ್ತಿ ಸ್ಕಾಲರ್‌ಷಿಪ್ ಕೊಡಬಹುದು. ಕೊಡಬಹುದು, ಕೊಡಬೇಕೆಂದಿಲ್ಲ. ಆಟಗಾರರಿಗೆ ನೇರ ಹಣ ಹಂಚಲು ಒಂದೊಂದು ವಿಶ್ವವಿದ್ಯಾಲಯಕ್ಕೆ ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್. ಹೊಸ ಸ್ಕಾಲರ್‌ಷಿಪ್‌ಗಳೂ ಒಂದು ಮಟ್ಟದವರೆಗೆ ಅದರಲ್ಲೇ ಕಳೆಯುತ್ತವೆ. ಆ ದುಡ್ಡಿನ ಮುಂದೆ ಮೊದಲು ಕೈಯೊಡ್ಡಿ ನಿಂತಿರುವುದು ಮತ್ತೆ ಫುಟ್‌ಬಾಲೇ.

ಹೊಸ ನಿಯಮ ಕಟ್ಟುನಿಟ್ಟಾಗಿ ಜಾರಿಯಾಗಿರುವುದು ಇನ್ನೊಂದು ತುದಿಯಲ್ಲಿ. ರಾಜಿಗೆ ಸೇರಿದವರ ತಂಡದಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನ ಇರುವಂತಿಲ್ಲ. ಫೀಸು ತಾನೇ ಕಟ್ಟುತ್ತೇನೆ, ಒಂದು ಕಾಸೂ ಬೇಡ, ಬರೀ ಆಡಲು ಬಿಡಿ ಎಂದು ಬಂದ ಹತ್ತನೆಯ ಹುಡುಗನಿಗೆ ಬಾಗಿಲು ಮುಚ್ಚಿದೆ. ಅಷ್ಟು ಆಸೆಯಿದ್ದರೆ ಅಂಗಳದಲ್ಲಿ ಆಡುವ ಶುಲ್ಕ, ಅದೇ ಗ್ರೀನ್ ಫೀ, ಕಟ್ಟಿ ರಸೀದಿ ತೆಗೆದುಕೊಳ್ಳಲಿ.