ಉರ್ಕ್‌ನವರ ಸಮುದ್ರ

ನಿನ್ನೆ ಟೂರ್ ಬಸ್ಸಿನಲ್ಲಿ ನೆದರ್‌ಲ್ಯಾಂಡ್ಸ್‌ನ ಆಫ್‌ಸ್ಲೌಟ್‌ಡೈಕ್ ಅನ್ನುವ ಒಡ್ಡಿನ ಮೇಲೆ ಹೋಗುತ್ತಿದ್ದೆವು. ಗೈಡ್ ಮೈಕ್ ಹಿಡಿದು "ಡಚ್ಚರು ಸಮುದ್ರವನ್ನೇ ಗೆದ್ದರು" ಅಂತ ಮೂರು ಸಲ ಹೇಳಿದರು. 32 ಕಿಲೋಮೀಟರ್ ಒಡ್ಡು, 1932ರಲ್ಲಿ ಕಟ್ಟಿ ಮುಗಿಸಿದರು. ಎಲ್ಲ ನಿಜ. ಆದರೆ ಉರ್ಕ್ ಹೆಸರು ಒಂದು ಸಲವೂ ಬರಲಿಲ್ಲ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಉರ್ಕ್ ದ್ವೀಪವಾಗಿತ್ತು. ಝೈಡರ್‌ಝೀ ಅನ್ನುವ ಒಳಸಮುದ್ರದ ನಡುವೆ ಒಂದು ದಿಬ್ಬ, ಅದರ ಮೇಲೆ ಮೀನುಗಾರರ ಊರು. ಅದಕ್ಕೂ ಹೊರಗಿನ ಕಡಲಿಗೂ ನಡುವೆ ಈ ಒಡ್ಡು ಎದ್ದಿತು, ಉಪ್ಪುನೀರು ಸಿಹಿನೀರಾಯಿತು. ಇವರು ಹಿಡಿಯುತ್ತಿದ್ದ ಹೆರಿಂಗ್, ಆಂಚೊವಿ ಅಲ್ಲಿಂದ ಮಾಯವಾದವು. 1939ರಲ್ಲಿ ದಡದ ಮೇಲಿನ ಲೆಮ್ಮರ್ ಊರಿನ ಕಡೆಯಿಂದ ಇನ್ನೊಂದು ಒಡ್ಡು ಬಂದು ದ್ವೀಪಕ್ಕೆ ತಾಗಿತು. 1942ರ ಹೊತ್ತಿಗೆ ಪೂರ್ವದ ಕಡೆ ನೀರು ಬಸಿದು ನೆಲ ಎದ್ದಿತ್ತು. ಉರ್ಕ್ ಇದ್ದಲ್ಲೇ ಇತ್ತು, ಪ್ರಾಂತ್ಯ ಮಾತ್ರ ಬದಲಾಗುತ್ತಾ ಹೋಯಿತು. 1950ರವರೆಗೆ ಉತ್ತರ ಹಾಲೆಂಡ್, ಆಮೇಲೆ ಓವರ್‌ಐಸೆಲ್, 1986ರಿಂದ ಫ್ಲೆವೋಲ್ಯಾಂಡ್. ಆದರೂ ತನ್ನದೇ ಪುರಸಭೆಯನ್ನು ಬಿಟ್ಟುಕೊಡಲಿಲ್ಲ. ಇದು ನನಗೆ ತುಂಬಾ ಇಷ್ಟ.

"1916ರ ನೆರೆಯಲ್ಲಿ ಜನ ಸತ್ತಿದ್ದರಲ್ವಾ, ಒಡ್ಡು ಬೇಡವಿತ್ತಾ?" ಅಂತ ಪಕ್ಕದವರು ಕೇಳಿದರು. ಬೇಕಿತ್ತು. ಯಾರು ಬೇಡ ಅಂದರು? ಉರ್ಕ್ ಪಕ್ಕದಲ್ಲೇ ಸುಮಾರು 48,000 ಹೆಕ್ಟೇರ್ ಹೊಸ ನೆಲವೂ ಸಿಕ್ಕಿತು, ಅಲ್ಲಿ ಬೆಳೆಯೂ ಬಂತು. ಅದಕ್ಕಾಗಿ ಸಮುದ್ರವನ್ನೇ ಕಳೆದುಕೊಂಡವರ ಹೆಸರು ಹೇಳೋಕೆ ಅರ್ಧ ನಿಮಿಷ ಸಾಕಿತ್ತು. ಅದನ್ನೂ ಹೇಳಲಿಲ್ಲ ಅನ್ನೋದೇ ನನ್ನ ತಕರಾರು.

ನಮ್ಮದು ಶರಾವತಿ ಮುಳುಗಡೆಯ ಮನೆ, ನಿಮಗೆ ಗೊತ್ತೇ ಇದೆ. ಊರಿಗೆಲ್ಲ ಕರೆಂಟು ಬಂತು ಅಂತ ಹೇಳುವಾಗ ಅಜ್ಜಿ ಸುಮ್ನೆ ಎದ್ದು ಒಳಗೆ ಹೋಗುತ್ತಿದ್ದಳು. ನಮ್ಮಲ್ಲಿ ನೀರು ಬಂತು, ಇಲ್ಲಿ ನೀರು ಹೋಯಿತು. ಬಸ್ಸಿನಲ್ಲಿ ನನಗೆ ಅಜ್ಜಿ ನೆನಪಾದಳು.

ಹೋದ ವರ್ಷ ಉರ್ಕ್‌ಗೆ ಹೋಗಿದ್ದೆ. ನೀರಿನ ದಂಡೆಯಲ್ಲಿ ಹೆಂಗಸೊಬ್ಬಳ ಪ್ರತಿಮೆ ಇದೆ. ಗಾಳಿಗೆ ಲಂಗ ಹಾರುತ್ತಿದೆ, ಅವಳು ತಿರುಗಿ ನೀರಿನ ಕಡೆ ನೋಡುತ್ತಿದ್ದಾಳೆ. ಸುತ್ತ ಗೋಡೆಯ ಮೇಲೆ ಕಡಲಿಗೆ ಹೋಗಿ ಬಾರದವರ ಹೆಸರುಗಳು. ಒಂದೇ ಮನೆತನದ ಹೆಸರು ಮತ್ತೆ ಮತ್ತೆ ಬರುತ್ತದೆ. ಓದುತ್ತಾ ಓದುತ್ತಾ ಅರ್ಧದಲ್ಲೇ ನಿಲ್ಲಿಸಿದೆ, ಆಗಲಿಲ್ಲ.

ಇವರು ಮೀನುಗಾರಿಕೆ ಬಿಡಲೇ ಇಲ್ಲ. ಉತ್ತರ ಸಮುದ್ರಕ್ಕೆ ಹೊರಟರು. ಈಗಲೂ ಉರ್ಕ್ ದೋಣಿಗಳ ಮೂತಿಯ ಮೇಲೆ "ಯುಕೆ" ಅಂತ ಬರೆದಿರುತ್ತದೆ. ಅದು ಬ್ರಿಟನ್ ಅಲ್ಲ, ಉರ್ಕ್. ಎಷ್ಟೋ ದೋಣಿಗಳು ಒಡ್ಡಿನಾಚೆ ಹಾರ್ಲಿಂಗನ್‌ನಂಥ ಬಂದರಿನಲ್ಲೇ ಮೀನು ಇಳಿಸುತ್ತವೆ. ಅಲ್ಲಿಂದ ಮೀನು ಉರ್ಕ್‌ನ ಹರಾಜು ಕಟ್ಟೆಗೆ ಬರುವುದು ಲಾರಿಯಲ್ಲಿ, ಒಂದು ಕಾಲದಲ್ಲಿ ಸಮುದ್ರದ ತಳವಾಗಿದ್ದ ಹೊಲಗಳ ನಡುವಿನ ರಸ್ತೆ ಹಿಡಿದು.