ಸೇವೆ ಸುಧಾರಿಸಿದೆ, ಸಿಕ್ಕಾ ಬಾಕಿ ಇದೆ

ನಮ್ಮ ಕಾಕಾನಿಗೆ ಒಂದು ಕಾಗದ ಬೇಕಾಗಿತ್ತು. ಕೋರ್ಟಿನ ತೀರ್ಪಿನ ನಕಲು. ಹನ್ನೊಂದು ಹಾಳೆ, ಕೊನೆಗೊಂದು ಸಿಕ್ಕಾ, ಅಂದರೆ ಕೋರ್ಟಿನ ಮೊಹರು. ಅಷ್ಟೇ.

ಯಾವ ಕೋರ್ಟು ಅಂತ ಹೇಳುವುದಿಲ್ಲ. ಬಾಗಲಕೋಟೆ ಜಿಲ್ಲೆಯೊಳಗೇ ಇದೆ. ಎದುರಿಗೆ ಬೇವಿನ ಮರ, ಮರದ ಕೆಳಗೆ ಟೈಪಿಂಗ್ ಮಷೀನು, ಪಕ್ಕದಲ್ಲಿ ಮಿರ್ಚಿ ಬಜಿ ಗಾಡಿ. ಈ ಗುರುತಿನ ಮೇಲೆ ನೀವು ಕಂಡುಹಿಡಿದರೆ ನಿಮಗೆ ಶರಣು. ನಮ್ಮ ಕಡೆ ಯಾವ ಕೋರ್ಟಿಗೆ ಹೋದರೂ ಇವು ಮೂರು ಇರುತ್ತವೆ.

ಕಾಕಾನ ಹೊಲ ಆಲಮಟ್ಟಿ ಹಿನ್ನೀರಿಗೆ ಹೋಗಿದೆ. ನಮ್ಮ ಜಿಲ್ಲೆಯಲ್ಲಿ ಇದು ಪರಿಚಯ ಮಾಡಿಕೊಳ್ಳುವ ರೀತಿ. ಬೇರೆ ಕಡೆ ಊರು, ಮನೆತನ ಕೇಳುತ್ತಾರೆ. ಇಲ್ಲಿ "ನಿಮ್ದು ಎಷ್ಟು ಎಕರೆ ಮುಳುಗೇತ್ರಿ?" ಅಂತ ಕೇಳುತ್ತಾರೆ. ಪರಿಹಾರ ಕಡಿಮೆಯಾಯಿತು ಅಂತ ಪಕ್ಕದ ಹೊಲದವರು ಕೋರ್ಟಿಗೆ ಹೋದರು. ಕಾಕಾ ಹೋಗಲಿಲ್ಲ. ಕೋರ್ಟು ಕಚೇರಿ ಬೇಡ ಅಂತ ಅಜ್ಜ ಸಾಯುವಾಗ ಹೇಳಿದ್ದನಂತೆ. ಎಷ್ಟೋ ವರ್ಷದ ಮೇಲೆ ಈ ಜೂನಿನಲ್ಲಿ ಪಕ್ಕದವರು ಗೆದ್ದರು. ಕಾಕಾ ಅಜ್ಜನ ಫೋಟೋ ಕಡೆ ನೋಡಿದ, ಚಪ್ಪಲಿ ಮೆಟ್ಟಿದ.

ಯಾಕೆಂದರೆ ಇಲ್ಲಿ ಕಾನೂನು ಒಂದು ಒಳ್ಳೆ ಕೆಲಸ ಮಾಡಿದೆ. 1894ರ ಭೂಸ್ವಾಧೀನ ಕಾಯ್ದೆಗೆ 1984ರಲ್ಲಿ 28-ಎ ಅಂತ ಒಂದು ಕಲಮು ಸೇರಿಸಿದರು. ಒಂದೇ ಅಧಿಸೂಚನೆಯಲ್ಲಿ ಹೊಲ ಕಳೆದುಕೊಂಡ ನೆರೆಯವನಿಗೆ ಕೋರ್ಟು ಜಾಸ್ತಿ ಕೊಡಿಸಿದರೆ, ಕೋರ್ಟಿಗೆ ಹೋಗದವನೂ ಅದೇ ದರ ಕೇಳಬಹುದು. ತೀರ್ಪಿನಿಂದ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಜೊತೆಗೇ ಇನ್ನೊಂದು ಮಾತೂ ಬರೆದಿದ್ದಾರೆ. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಈ ಮೂರು ತಿಂಗಳಲ್ಲಿ ಎಣಿಸುವಂತಿಲ್ಲ. ಅಪೀಲಿನ ವಿಷಯದಲ್ಲಿ 1963ರ ಲಿಮಿಟೇಷನ್ ಕಾಯ್ದೆಯ 12ನೇ ಕಲಮೂ ಇದನ್ನೇ ಹೇಳುತ್ತದೆ. ಅಂದರೆ ಕಾಯ್ದೆ ಬರೆದವರು ಯಾವತ್ತೋ ನಕಲು ವಿಭಾಗದ ಕಿಟಕಿ ಮುಂದೆ ನಿಂತು ಬಂದವರೇ ಇರಬೇಕು. ತಡ ಮಾಡಬಾರದು ಅಂತ ಬರೆಯುವ ಧೈರ್ಯ ಅವರಿಗೂ ಬರಲಿಲ್ಲ. ತಡ ಆದದ್ದನ್ನು ಎಣಿಸಬೇಡಿ ಅಂತ ಬರೆದು ಕೈತೊಳೆದುಕೊಂಡರು.

ಕಾಕಾ ಕೋರ್ಟ್ ಫೀ ಸ್ಟಾಂಪು ಹಚ್ಚಿ ತೀರ್ಪಿನ ನಕಲಿಗೆ ಅರ್ಜಿ ಕೊಟ್ಟ. ಅದರ ಮರುವಾರವೇ ಕಚೇರಿಯಲ್ಲಿ ಸೇವಾ ಸುಧಾರಣೆಯ ಉದ್ಘಾಟನೆ ಆಯಿತು. ಟೇಪು ಕತ್ತರಿಸಿದರು. ಕತ್ತರಿ ಮೊಂಡಾಗಿತ್ತು, ಮೂರು ಸಲ ಪ್ರಯತ್ನ ಆಯಿತು ಅನ್ನುವುದು ಬೇರೆ ಮಾತು. "ಇನ್ಮುಂದೆ ಕಕ್ಷಿದಾರರೇ ದೇವರು" ಅಂತ ಭಾಷಣ ಆಯಿತು. ಕಾಕಾನಿಗೆ ಆಗಲೇ ಅನುಮಾನ ಬಂತು. ನಮ್ಮೂರಲ್ಲಿ ದೇವರನ್ನು ಗರ್ಭಗುಡಿಯಲ್ಲಿ ಕೂರಿಸಿದ ಮೇಲೆ ಜಾತ್ರೆಯ ತನಕ ಯಾರೂ ಮಾತಾಡಿಸುವುದಿಲ್ಲ.

ಮೊದಲು ಅಲ್ಲಿ ಏನಿತ್ತು? ಒಂದು ಕಿಟಕಿ, ಅದರ ಹಿಂದೆ ನಕಲು ತೆಗೆಯುವ ಮೂವರು ಕಾರಕೂನರು. ಹೋಗಿ ಕೇಳಿದರೆ "ಆಗಿಲ್ಲ, ಮುಂದಿನ ವಾರ ಬರ್ರಿ" ಅನ್ನುತ್ತಿದ್ದರು. ಈಗ ಒಳಗೆ ಕಾಲಿಟ್ಟ ಕೂಡಲೇ ಟೋಕನ್ ಯಂತ್ರ. ಟೋಕನ್ ಹಿಡಿದುಕೊಂಡು ಸಹಾಯ ಕೇಂದ್ರ. ಸಹಾಯ ಕೇಂದ್ರದ ಪಕ್ಕ ಆಳೆತ್ತರದ ಟಚ್ ಸ್ಕ್ರೀನ್ ಪೆಟ್ಟಿಗೆ. ಅದರ ಮೇಲೆ ಕ್ಯೂಆರ್ ಕೋಡು. ಗೋಡೆಗೆ ಸಲಹಾ ಪೆಟ್ಟಿಗೆ, ಪೆಟ್ಟಿಗೆಗೆ ಬೀಗ. ನೀರಿನ ಫಿಲ್ಟರೂ ಇದೆ, ಅದು ಮಾತ್ರ ನಿಜಕ್ಕೂ ಚೆನ್ನಾಗಿದೆ, ತಣ್ಣಗೆ ಬರುತ್ತದೆ. ಮೇ ತಿಂಗಳ ನಮ್ಮ ಬಿಸಿಲು ಕಂಡವರು ಆ ಫಿಲ್ಟರಿಗಷ್ಟೇ ಬೇಕಾದರೂ ಒಂದು ದಾವಾ ಹಾಕಿಯಾರು.

ದಿಲ್ಲಿಯವರೂ ಸುಮ್ನೆ ಕೂತಿಲ್ಲ. ಇ-ಕೋರ್ಟ್ ಯೋಜನೆ 2007ರಲ್ಲಿ ಶುರುವಾಯಿತು. 2023ರಲ್ಲಿ ಮೂರನೇ ಹಂತಕ್ಕೆ 7,210 ಕೋಟಿ ರೂಪಾಯಿ ಮಂಜೂರಾಯಿತು. ಅದರಲ್ಲಿ ಕಡತಗಳನ್ನು ಸ್ಕ್ಯಾನ್ ಮಾಡಿ ಕಾಪಿಡುವುದಕ್ಕೇ ಎರಡು ಸಾವಿರ ಕೋಟಿಗಿಂತ ಜಾಸ್ತಿ. ಇದರಿಂದ ಉಪಯೋಗ ಇಲ್ಲ ಅಂದರೆ ನಾಲಿಗೆ ಸುಳ್ಳಾಡಿದಂತೆ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಯ ಸಿಎನ್‌ಆರ್ ನಂಬರ್ ಇದೆ. ಅದನ್ನು ಮೊಬೈಲಿನಲ್ಲಿ ಒತ್ತಿದರೆ ಮುಂದಿನ ತಾರೀಖು ಮನೆಯಲ್ಲೇ ಗೊತ್ತಾಗುತ್ತದೆ. ಮುಂದಿನ ತಾರೀಖು ಕೇಳುವುದಕ್ಕೇ ವಾಯವ್ಯ ಸಾರಿಗೆ ಬಸ್ಸಿನಲ್ಲಿ ಅರ್ಧ ದಿನ ಕಳೆದ ಕಾಲ ಇತ್ತಲ್ವಾ? ಕಾಕಾನಿಗೆ ಬೇಕಾದ ತೀರ್ಪನ್ನೂ ನಾನು ಮೂರು ನಿಮಿಷದಲ್ಲಿ ಮೊಬೈಲಿಗೆ ಇಳಿಸಿದೆ. ಹನ್ನೊಂದೂ ಹಾಳೆ. ಪ್ರಿಂಟ್ ತೆಗೆದುಕೊಂಡು ಭೂಸ್ವಾಧೀನದ ಕಚೇರಿಗೆ ಹೋದೆವು. ಅಲ್ಲಿನವರು ಮೊದಲ ಹಾಳೆ ನೋಡಲಿಲ್ಲ, ನಡುವಿನದು ನೋಡಲಿಲ್ಲ. ಕೊನೆಯ ಹಾಳೆ ತಿರುಗಿಸಿದರು.

"ಸಿಕ್ಕಾ ಎಲ್ಲೈತ್ರಿ?"

ಮತ್ತೆ ಟೋಕನ್. ಸಹಾಯ ಕೇಂದ್ರದಲ್ಲಿ ಕೂತಿದ್ದ ಹುಡುಗನ ಮುಖ ಕಾಕಾನಿಗೆ ಗುರುತು ಸಿಕ್ಕಿತು. ಮೊದಲು ನಕಲು ವಿಭಾಗದಲ್ಲಿದ್ದವನೇ. "ನಿಮ್ಮ ನಕಲು ಯಾಕ ತಡ ಆಗೇತಂದ್ರ," ಅಂತ ಬಹಳ ವಿನಯದಿಂದ ಹೇಳಿದ, "ಒಳಗ ಮಂದಿ ಕಡಿಮಿ ಅದಾರ್ರಿ." ಟಚ್ ಸ್ಕ್ರೀನಿನ ಪಕ್ಕ ನಿಂತು ಬಂದವರ ಬೆರಳು ಹಿಡಿದು ಒತ್ತಿಸುವ ಕೆಲಸಕ್ಕೆ ಇನ್ನೊಬ್ಬರನ್ನು ಹಾಕಿದ್ದರು. ಅವರೂ ನಕಲು ವಿಭಾಗದವರೇ. ಮೂವರಲ್ಲಿ ಇಬ್ಬರು ಹೊರಗೆ ಬಂದು, ಒಳಗೆ ಒಬ್ಬರೇ ಉಳಿದದ್ದರಿಂದ ತಡವಾಗುತ್ತಿದೆ ಅನ್ನುವ ಮಾಹಿತಿಯನ್ನು ನಗುಮುಖದಿಂದ ಕೊಡುತ್ತಿದ್ದರು. ಇದಕ್ಕೇ ಜನಸ್ನೇಹಿ ಅನ್ನುತ್ತಾರೆ.

ಪೆಟ್ಟಿಗೆ ಮುಂದೆ ಕಾಕಾ ನಿಂತ. ಬೆರಳಿಗೆ ಸುಣ್ಣ ಹತ್ತಿತ್ತು, ಧೋತರಕ್ಕೆ ಒರೆಸಿಕೊಂಡು ಒತ್ತಿದ. ಪರದೆ ಮೇಲೆ "ವಿಲೇವಾರಿ" ಅಂತ ಬಂತು.

"ಇದೇನೋ ತಮ್ಮಾ, ನಮ್ಮ ಪಂಚಾಯ್ತಿ ಕಸದ ಗಾಡಿ ಮ್ಯಾಲೂ ಇದನ್ನ ಬರದಾರ."

"ಕೇಸು ಮುಗೀತು ಅಂತ ಅರ್ಥ, ಕಾಕಾ."

"ಮುಗದದ್ದು ನನಗೂ ಗೊತ್ತೈತಿ. ನಕಲು ಎಲ್ಲೈತಿ ಕೇಳು."

ಪೆಟ್ಟಿಗೆಗೆ ಕೇಸಿನ ಸುದ್ದಿ ಗೊತ್ತು, ನಕಲಿನ ಸುದ್ದಿ ಗೊತ್ತಿಲ್ಲ. "ರೆಡಿ ಆದ ಮ್ಯಾಲೆ ನೋಟಿಸ್ ಬೋರ್ಡಿಗೆ ಲಿಸ್ಟ್ ಹಚ್ಚತೇವ್ರಿ" ಅಂದರು ಬೆರಳು ಹಿಡಿಯುವವರು. ನೋಟಿಸ್ ಬೋರ್ಡು ಹುಡುಕಿದೆವು. ಬಾಗಿಲ ಬಳಿ ಒಂದಿತ್ತು. ಅದರಲ್ಲಿ ಧೂಮಪಾನ ನಿಷೇಧದ ಚೀಟಿ, ಲೋಕ ಅದಾಲತ್ತಿನ ಹಳೇ ಭಿತ್ತಿಪತ್ರ, ಎರಡು ಗುಂಡುಪಿನ್ನು. ಲಿಸ್ಟ್ ಇರಲಿಲ್ಲ. ಹಾಗಾದರೆ ಇನ್ನೂ ಆಗಿಲ್ಲ ಅಂತ ಲೆಕ್ಕ.

ಜುಲೈ ಹೋಯಿತು. ಶ್ರಾವಣ ಹೋಯಿತು. ಕಾಕಾ ವಾರಕ್ಕೊಮ್ಮೆ ಹೋಗಿ ಬೋರ್ಡು ನೋಡಿ, ತಣ್ಣೀರು ಕುಡಿದು, ಬಜಿ ತಿಂದು ಬರುತ್ತಿದ್ದ. ಒಂದು ದಿನ ಬೇವಿನ ಮರದ ಕೆಳಗೆ ಟೈಪಿಂಗ್‌ನವನು ಹೇಳಿದ್ದು ಇದು: "ಪಕ್ಕದ ಬೆಳಗಾವಿ ಜಿಲ್ಲಾ ಖಾನಾಪುರದ ತೆಲಗಿ ನಕಲಿ ಛಾಪಾ ಕಾಗದ ದೇಶಕ್ಕೆಲ್ಲ ಹಂಚಿದ. ನಿಮಗ ಅಸಲಿ ಕಚೇರಿಯಿಂದ ಒಂದು ನಕಲು ಸಿಗವಲ್ದು." ಈ ಮಾತು ಹೇಳಿದ್ದಕ್ಕೆ ಅವನಿಗೆ ಕಾಕಾ ಚಹಾ ಕುಡಿಸಿದ.

ಒಮ್ಮೆ ನಾನು ಕಿಟಕಿಯೊಳಗೆ ಇಣುಕಿದೆ. ಆ ಒಬ್ಬ ಕಾರಕೂನರನ್ನು ಬೈಯುವುದಕ್ಕೆ ಮನಸ್ಸು ಬರಲಿಲ್ಲ. ಕೈಯಲ್ಲಿ ದಬ್ಬಣ, ಬಾಯಲ್ಲಿ ಬಿಳಿ ದಾರದ ತುದಿ. ಕಡತ ಹೊಲಿಯುತ್ತಿದ್ದರು, ನಮ್ಮವ್ವ ಕೌದಿ ಹೊಲಿದ ಹಾಗೆ. ಹೊಲಿದು ಮುಗಿದ ಮೇಲೆ ದಪ್ಪ ರಿಜಿಸ್ಟರಿನಲ್ಲಿ ಬರೆದರು. ಬರೆದದ್ದನ್ನೇ ಕಂಪ್ಯೂಟರಿಗೆ ಒತ್ತಿದರು. ಒತ್ತಿದ್ದನ್ನು ಪ್ರಿಂಟ್ ತೆಗೆದು ರಿಜಿಸ್ಟರಿನಲ್ಲಿ ಅಂಟಿಸಿದರು. ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ ಮೇಲೆ ಮೌಸ್ ಇಟ್ಟರು. ಸುಧಾರಣೆ ಬಂದ ಮೇಲೆ ಅವರ ಕೆಲಸ ಒಂದಿದ್ದದ್ದು ಮೂರಾಗಿದೆ, ಕೈ ಮಾತ್ರ ಎರಡೇ ಇವೆ.

ಕೊನೆಗೆ ನಮಗೆ ನಕಲು ಕೊಡಿಸಿದ್ದು ಚಾಮುಂಡಿ ತಾಯಿ. ದಸರೆ ರಜೆಗೆ ಮುಂಚಿನ ದಿನ ಕಚೇರಿಯಲ್ಲಿ ಆಯುಧ ಪೂಜೆ. ಟೈಪ್‌ರೈಟರು, ಪ್ರಿಂಟರು, ದಬ್ಬಣ, ಸಿಕ್ಕಾ ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡು ಹೂವು. ಟಚ್ ಸ್ಕ್ರೀನಿಗೂ ಮಾಡಬೇಕಲ್ಲ. ಪರದೆಯ ನಡುವೆ ಕುಂಕುಮ ಹಚ್ಚಿದರು. ಅದು ಬೆರಳು ಅಂತ ತಿಳಿದು ಪೆಟ್ಟಿಗೆ ತಾನೇ ಭಾಷೆ ಬದಲಿಸಿಕೊಂಡಿತು. ಎರಡೂ ಬದಿಗೆ ಬಾಳೆಕಂಬ ಕಟ್ಟಲು ಜಾಗ ಸಾಲದು ಅಂತ ಇಬ್ಬರು ಜವಾನರು ಅದನ್ನು ಎರಡು ಮಾರು ಈಚೆಗೆ ಎಳೆದರು.

ಪೆಟ್ಟಿಗೆಯ ಹಿಂದೆ ಗೋಡೆ ಮೇಲೆ ಇನ್ನೊಂದು ನೋಟಿಸ್ ಬೋರ್ಡು ಇತ್ತು. ಬೋರ್ಡಿನ ತುಂಬಾ ಲಿಸ್ಟು. ಸಿದ್ಧವಾದ ನಕಲುಗಳ ಲಿಸ್ಟು, ತಿದ್ದುಪಡಿ ಇಲ್ಲದೆ, ಅಚ್ಚುಕಟ್ಟಾಗಿ, ವಾರವಾರ ಅಂಟಿಸಿದ್ದು. ಗೋಡೆಗೂ ಪೆಟ್ಟಿಗೆಗೂ ನಡುವಿನ ಗೇಣಗಲದ ಸಂದಿಯಲ್ಲಿ ಜವಾನ ಕೈ ತೂರಿಸಿ ಅಂಟಿಸುತ್ತಿದ್ದನಂತೆ. "ನನಗ ಹಚ್ಚು ಅಂದ್ರು, ಹಚ್ಚೀನ್ರಿ. ಮಂದಿಗೆ ಕಾಣಬೇಕು ಅಂತ ಯಾರೂ ಹೇಳಿಲ್ಲ."

ಕಾಕಾನ ನಂಬರು ಜುಲೈ 14ರ ಲಿಸ್ಟಿನಲ್ಲಿತ್ತು.

ಅಲ್ಲಿದ್ದವರೆಲ್ಲ ಬೋರ್ಡಿಗೆ ಮುಗಿಬಿದ್ದರು. ಪೂಜೆಯ ಭಟ್ಟರು ಮಂತ್ರ ನಿಲ್ಲಿಸಿ ತಮ್ಮದೂ ಒಂದು ನಂಬರ್ ಹುಡುಕಿದರು. ಕಾಕಾ ಕಿಟಕಿಗೆ ಹೋದ. ನಕಲಿನ ಹಿಂಬದಿಯಲ್ಲಿ ಎಲ್ಲ ದಿನಗಳೂ ಬರೆದಿದ್ದವು. ಅರ್ಜಿ ಬಂದ ದಿನ, ಶುಲ್ಕ ಕಟ್ಟಿದ ದಿನ, ನಕಲು ಸಿದ್ಧವಾದ ದಿನ. ಕೊಟ್ಟ ದಿನದ ಜಾಗ ಖಾಲಿ ಇತ್ತು, ಅದನ್ನು ಈಗ ತುಂಬಿದರು. ಕಾನೂನು ನಕಲು ಸಿದ್ಧವಾಗುವ ತನಕದ ದಿನಗಳನ್ನು ಬಿಟ್ಟುಕೊಡುತ್ತದೆ. ಸಿದ್ಧವಾದ ನಕಲು ಪೆಟ್ಟಿಗೆ ಹಿಂದೆ ಕಾದ ಹನ್ನೊಂದು ವಾರವನ್ನಲ್ಲ. ಬೆರಳಲ್ಲಿ ಎಣಿಸಿದೆವು. ಉಳಿದದ್ದು ಒಂಬತ್ತು ದಿನ. ಹಬ್ಬ, ಎರಡನೇ ಶನಿವಾರ, ಭಾನುವಾರ ಕಳೆದರೆ ಐದು.

ಕಾಕಾ ಏನೂ ಅನ್ನಲಿಲ್ಲ. ಹಾಳೆಗಳನ್ನು ಟವೆಲಿನಲ್ಲಿ ಸುತ್ತಿದ. ಹೊರಡುವಾಗ ಸಹಾಯ ಕೇಂದ್ರದ ಹುಡುಗ ಓಡಿ ಬಂದು ಒಂದು ಫಾರ್ಮು ಕೊಟ್ಟ. "ನಮ್ಮ ಸೇವೆ ಹೇಗಿತ್ತು?" ಕೆಳಗೆ ಮೂರು ಚೌಕ: ಉತ್ತಮ, ಅತ್ಯುತ್ತಮ, ಅತ್ಯಂತ ಉತ್ತಮ. ಕಾಕಾ ಕನ್ನಡಕ ಹಾಕಿಕೊಂಡು ಮೂರನ್ನೂ ಓದಿದ. ಮೂರಕ್ಕೂ ಗುರುತು ಹಾಕಿ ಸಹಿ ಮಾಡಿದ.

"ತಮ್ಮಾ, ಇದರದೊಂದು ನಕಲು ಕೊಡ್ತೀಯೇನಪಾ?"

"ಅರ್ಜಿ ಹಾಕ್ರಿ ಕಾಕಾ," ಅಂದ ಹುಡುಗ. "ಟೋಕನ್ ತಗೊಂಡು."